ದ್ವಾದಶಿಯ ಎಲೆ

ತೀರ್ಥರೂಪ ಅಪ್ಪನವರಿಗೆ,

ಸಾಷ್ಟಾಂಗ ನಮಸ್ಕಾರ ಎಂದು ಬರೆಯಲು ಕುಳಿತೆ, ಬೆನ್ನು ಬಗ್ಗಲಿಲ್ಲ. ಆದ್ದರಿಂದ ಬರೀ ನಮಸ್ಕಾರ. ನಾನು ಕ್ಷೇಮ, ನನ್ನ ಸಿಟ್ಟೂ ಕ್ಷೇಮ.

ಇದು ನನ್ನ ಮದುವೆಯ ಕರೆಯೋಲೆ. ಊರಿಗೆಲ್ಲ ವಾಟ್ಸಾಪಿನಲ್ಲಿ ಹೂಬಳ್ಳಿಯ ಪತ್ರ ಹೋಗಿದೆ, ಕೈಬರಹದ್ದು ನಿಮಗೊಬ್ಬರಿಗೇ. ಮದುವೆ ನಿಮ್ಮ ಸವಣೂರಿನಲ್ಲೂ ಅಲ್ಲ, ಮೃತ್ಯುಂಜಯನ ಚಿಕ್ಕೇರೂರಿನಲ್ಲೂ ಅಲ್ಲ. ಆಡೂರಿನ ಹತ್ತಿರ ಒಂದು ಮಾವಿನ ತೋಟ ಗೊತ್ತು ಮಾಡಿದ್ದೇವೆ. ಹಂದರ, ಬಸ್ಸು, ಊಟ, ನಿಮ್ಮ ಆಚಾರ್ಯರು ಎಲ್ಲಿ ಕೂರಬೇಕು, ಗಂಡಿನ ಕಡೆಯವರ ಮಠದ ಅಯ್ಯನವರು ಎಲ್ಲಿ ಕೂರಬೇಕು, ಎಲ್ಲ ನಾವಿಬ್ಬರೇ ಯೋಚಿಸಿ ಮಾಡಿದ್ದು. ಮೃತ್ಯುಂಜಯ ಇದನ್ನು ಡೆಸ್ಟಿನೇಷನ್ ವೆಡ್ಡಿಂಗ್ ಅಂದ. ಅವನ ಅಪ್ಪ ಶಂಕ್ರಪ್ಪನವರು, "ಹಾನಗಲ್ಲ ತಾಲ್ಲೂಕಿಗೆ ಹೋಗಾಕ ಇಷ್ಟ ದೊಡ್ಡ ಹೆಸರು ಯಾಕಪಾ?" ಎಂದು ನಕ್ಕರು. ದಿನವನ್ನು ಮಾತ್ರ ನಾನೊಬ್ಬಳೇ ಆರಿಸಿದೆ. ಯಾಕೆಂದು ಹೇಳುತ್ತೇನೆ.

ಹಿರೇಕೆರೂರಿನ ಬ್ಯಾಂಕಿಗೆ ಕೆಲಸಕ್ಕೆ ಸೇರಿದಾಗ ನಾನು ಎರಡು ವರ್ಷ ಬಾಡಿಗೆಗೆ ಇದ್ದದ್ದು ಚಿಕ್ಕೇರೂರಿನ ಅವರ ಮನೆಯ ಹೊರಗಿನ ಖೋಲಿಯಲ್ಲಿ, ನಿಮಗೆ ಗೊತ್ತು. ನಿಮಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಏಕಾದಶಿ ಬಂತೆಂದರೆ ಮೃತ್ಯುಂಜಯನ ತಾಯಿ ಸರೋಜವ್ವ ನನ್ನ ಎದುರು ಚಹಾ ಕೂಡ ಕುಡಿಯುತ್ತಿರಲಿಲ್ಲ. "ಕೂಸು ಉಪಾಸ ಐತಿ, ನಾ ಹೆಂಗ ಕುಡೀಲಿ?" ಅನ್ನುತ್ತಿದ್ದರು.

ಅಂಥ ಸರೋಜವ್ವ ಶ್ರಾವಣದಲ್ಲಿ ಸಂಬಂಧ ಕೇಳಲು ನಿಮ್ಮ ಮನೆಗೆ ಬಂದರು. ಎರಡು ದಿನ ಒಲೆಯ ಮುಂದೆ ಕೂತು ಮಾಡಿದ ಕಡಕ್ ರೊಟ್ಟಿ, ಶೇಂಗಾ ಹೋಳಿಗೆ ಗಂಟು ಕಟ್ಟಿಕೊಂಡು ತಂದಿದ್ದರು. ನೀವು ಗಂಟನ್ನು ಒಳಗೆ ಒಯ್ಯಲಿಲ್ಲ. ಅವರ ಕಣ್ಣೆದುರೇ ಓಣಿಯ ಆಕಳ ಮುಂದೆ ಬಿಚ್ಚಿ ಸುರಿದಿರಿ. "ತಪ್ಪು ತಿಳೀಬ್ಯಾಡ್ರಿ, ನಮ್ಮಲ್ಲೆ ಹೊರಗಿಂದು ನಡೆಯೂದಿಲ್ಲ. ಆಕಳಾ ತಿಂದ್ರ ನಿಮಗ ಪುಣ್ಯನ ಬರ್ತದ" ಅಂದಿರಿ, ಅದೂ ನಗುತ್ತ. ಅವರು ಓಣಿ ದಾಟುವಷ್ಟೂ ತಡೆಯದೆ, ಅವರು ಕುಳಿತಿದ್ದ ಕಟ್ಟೆಗೆ ನೀರು ಹಾಕಿದಿರಿ. ಸಪ್ಪಳಕ್ಕೆ ಸರೋಜವ್ವ ತಿರುಗಿ ನೋಡಿದರು. ಆ ಮುಖ ನೀವು ನೋಡಲಿಲ್ಲ, ನಾನು ನೋಡಿದೆ.

ನಾನೂ ಅವರ ಜೊತೆಗೇ ಬಸ್ ಹತ್ತಿದೆ. ಸರೋಜವ್ವ ಖಾಲಿ ಬಟ್ಟೆಯನ್ನು ಮಡಚಿ ಮಡಚಿ ಅಂಗೈಯಷ್ಟು ಮಾಡಿದರು. "ಹೋಗ್ಲಿ ಬಿಡವಾ, ಆಕಳಾದ್ರೂ ಉಂಡತಲ್ಲ" ಅಂದರು. ಇದೇ ಕೈಯ ಅಡಿಗೆಯನ್ನು ನಿಮಗೆ ಉಣ್ಣಿಸದೆ ಬಿಡುವುದಿಲ್ಲ ಎಂದು ನಾನು ಆ ಬಸ್ಸಿನಲ್ಲೇ ತೀರ್ಮಾನಿಸಿದೆ.

ಹೋದ ತಿಂಗಳು ನೀವು ಫೋನಿನಲ್ಲಿ, "ಮದುವಿ ನೀವ ಮಾಡ್ಕೊಳ್ರಿ. ಬಂದು ಅಕ್ಷತಿ ಹಾಕಿ ಹೋಗ್ತೇನಿ, ಅಲ್ಲೆ ನೀರೂ ಮುಟ್ಟೂದಿಲ್ಲ" ಅಂದಿರಲ್ಲ, ಅಂದೇ ಪಂಚಾಂಗ ತೆಗೆದೆ. ಅದನ್ನು ನೋಡಲು ಕಲಿಸಿದವರು ನೀವೇ. ಈಗ ನೀವೂ ತೆಗೆದು ನೋಡಿ. ಮುಂದಿನ ತಿಂಗಳ ಮೊದಲ ಭಾನುವಾರ ಏಕಾದಶಿ. ಸೋಮವಾರ ದ್ವಾದಶಿ, ಬೆಳಗಿನ ಆರೂವರೆಗೆ ಮುಹೂರ್ತ. ಶಿವನ ವಾರ ಸಿಕ್ಕಿತೆಂದು ಶಂಕ್ರಪ್ಪನವರಿಗೆ ಖುಷಿಯೋ ಖುಷಿ. ದ್ವಾದಶಿ ಇರುವುದು ಏಳು ಇಪ್ಪತ್ತರವರೆಗೆ ಮಾತ್ರ. ಅಷ್ಟರೊಳಗೆ ಪಾರಣೆ ಮಾಡಿ ಉಪವಾಸ ಬಿಡದಿದ್ದರೆ ಏಕಾದಶಿಯ ಫಲವೆಲ್ಲ ಹೋಯಿತು ಎಂದು ಹೇಳಿಕೊಟ್ಟವರೂ ನೀವೇ. ನಲವತ್ತು ವರ್ಷದಲ್ಲಿ ನೀವು ಒಂದು ದ್ವಾದಶಿಯನ್ನೂ ತಪ್ಪಿಸಿದವರಲ್ಲ. ಅಕ್ಷತೆ ಬಿದ್ದ ಮೇಲೆ ಸವಣೂರು ಮುಟ್ಟಲು ಒಂದೂವರೆ ತಾಸು ಬೇಕು.

ಅಡಿಗೆಯವರನ್ನು ಕರೆತರುತ್ತೇನೆ ಎನ್ನಬೇಡಿ. ತೋಟದಲ್ಲಿ ಇರುವುದು ಒಂದೇ ಅಡಿಗೆಮನೆ, ಆ ಬೆಳಗಿನ ಮಟ್ಟಿಗೆ ಅದು ಸರೋಜವ್ವನದು. ಒಂದು ಉದ್ಧರಣೆ ತೀರ್ಥ ತೆಗೆದುಕೊಂಡರೂ ಪಾರಣೆಯಾಗುತ್ತದೆ ಎಂದು ಶಾಸ್ತ್ರ ತೆಗೆಯುತ್ತೀರಿ, ಬಲ್ಲೆ. ಬಾವಿಯಿಂದ ಆ ನೀರನ್ನು ಸೇದಿ ತರುವವರೂ ಅವರೇ. ಮನೆಯಿಂದ ತಂಬಿಗೆ ಹೊತ್ತು ತರುತ್ತೀರೋ, ತನ್ನಿ. ಎರಡೂ ಊರಿನ ಬೀಗರೆದುರು ಆ ತಂಬಿಗೆ ಹೇಗೆ ಬಗ್ಗಿಸುತ್ತೀರಿ ಎಂದು ನಾನೂ ನೋಡುತ್ತೇನೆ.

ಇದು ಸೇಡು ಎಂದು ಸರೋಜವ್ವನಿಗೆ ಗೊತ್ತಿಲ್ಲ. ದಿನಾ ಸಂಜೆ ಫೋನು ಮಾಡಿ ಕೇಳುತ್ತಾರೆ. "ಅಗಸಿ ಸೊಪ್ಪಿನ ಪಲ್ಯ, ನೆಲ್ಲಿಕಾಯಿ, ಇನ್ನೇನ ಮಾಡ್ಲಿ ನಿಮ್ಮಪ್ಪಾರಿಗೆ? ಒದ್ದಿ ಸೀರಿ ಉಟ್ಕೊಂಡ ಮಾಡಬೇಕೇನ? ಉಳ್ಳಾಗಡ್ಡಿ ಹೆಚ್ಚಿದ ಈಳಿಗಿ ಬ್ಯಾಡಂತ ಹೊಸಾದು ತಂದೇನಿ." ಅದನ್ನು ಕೇಳುವಾಗ ನನಗೆ ನಾಚಿಕೆಯಾಗುತ್ತದೆ. ಆದರೂ ಕಟ್ಟೆಯ ಮೇಲೆ ಬಿದ್ದ ನೀರಿನ ಸಪ್ಪಳ ಕಿವಿಯಿಂದ ಹೋಗುವುದಿಲ್ಲ, ಸಿಟ್ಟು ಇಳಿಯುವುದಿಲ್ಲ.

ಎಂಟು ವರ್ಷದವಳಿದ್ದಾಗ ಹಟ ಮಾಡಿ ಮೊದಲ ಏಕಾದಶಿ ಮಾಡಿದ್ದೆ, ನೆನಪಿದೆಯೇ? ಮರುದಿನ ಏಳಲಾರದೆ ಮಲಗಿಬಿಟ್ಟೆ. ಪಾರಣೆಯ ಹೊತ್ತು ಮೀರುತ್ತಿತ್ತು. ಒಳಗಿನಿಂದ ಅವ್ವ ಕೂಗುತ್ತಿದ್ದಳು. ನೀವು ಬಡಿಸಿದ ಎಲೆ ಬಿಟ್ಟು ಬಂದು ನನ್ನ ತಲೆ ಸವರುತ್ತ ಕುಳಿತಿರಿ. "ಏಳು ವೃಂದಾ, ನೀ ಉಣ್ಣೂತನಕಾ ನಾ ಉಣ್ಣೂದಿಲ್ಲ" ಅಂದಿರಿ. ಅಷ್ಟು ಪ್ರೀತಿ ಇದ್ದ ಮನುಷ್ಯ ಒಬ್ಬ ತಾಯಿಯ ರೊಟ್ಟಿಯನ್ನು ಅವಳ ಎದುರೇ ಹೇಗೆ ಸುರಿದ ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ.

ನಿಮ್ಮ ಆ ಮಾತನ್ನೇ ಈಗ ನಿಮಗೆ ತಿರುಗಿಸುತ್ತಿದ್ದೇನೆ. ಭಾನುವಾರ ನಾನೂ ನಿರಾಹಾರ. ಸೋಮವಾರ ಅಕ್ಷತೆಯಾದ ಕೂಡಲೇ ನಿಮ್ಮ ಎಲೆಯ ಪಕ್ಕಕ್ಕೆ ನನ್ನ ಎಲೆ ಬೀಳುತ್ತದೆ, ಬಡಿಸುವವರು ಸರೋಜವ್ವ. ನೀವು ಮೊದಲ ತುತ್ತು ತೆಗೆದುಕೊಳ್ಳುವತನಕ ನಾನು ಎಲೆ ಮುಟ್ಟುವುದಿಲ್ಲ. ಏಳು ಇಪ್ಪತ್ತು ದಾಟಿತೋ, ನಿಮ್ಮ ದ್ವಾದಶಿಯ ಜೊತೆ ಮಗಳದೂ ಹೋಗಲಿ, ಅದೂ ಅವಳ ಮದುವೆಯ ದಿನ. ಆಮೇಲೆ ಆ ಎರಡೂ ಎಲೆಗಳನ್ನು ನಾನೇ ಎತ್ತಿಕೊಂಡು ಹೋಗಿ, ನಿಮ್ಮ ಕಣ್ಣೆದುರೇ ತೋಟದ ಆಕಳ ಮುಂದೆ ಇಡುತ್ತೇನೆ.

ಭಾನುವಾರ ಸಂಜೆಯೊಳಗೆ ಬನ್ನಿ. ಅವ್ವನಿಗೆ ನನ್ನ ನಮಸ್ಕಾರ. ನಿಮಗೆ ದೇವರು ಆಯುಷ್ಯ ಕೊಡಲಿ, ಆ ಬೆಳಿಗ್ಗೆ ಹಸಿವನ್ನೂ ಕೊಡಲಿ. ಎಲೆ ಆಕಳ ಪಾಲಾದರೆ, ಪುಣ್ಯವೆಲ್ಲ ನಿಮಗೇ ಬರಲಿ.

ಇಂತಿ,
ನೀವು ಉಣ್ಣುವತನಕ ಉಣ್ಣದ ನಿಮ್ಮ ಮಗಳು
ವೃಂದಾ