ಅಮ್ಮನ ಪಾಲಿನ ಪುಟ

ಕಡೂರು,
ಶುಕ್ರವಾರ, 14 ನವೆಂಬರ್ 2025

ಪ್ರೀತಿಯ ಅಮ್ಮಾ,

ಸೊಂಟನೋವು ಹೇಗಿದೆ? ಲಿಂಗದಹಳ್ಳೀಲಿ ಅಕ್ಕನ ಬಾಣಂತನ ಅಂತ ನೀನೊಬ್ಬಳೇ ನೀರು ಕಾಯಿಸಿ, ಮಗುವಿಗೆ ಎರೆದು ಒದ್ದಾಡ್ತಿದ್ರೆ ಭಾವ ಏನು ಮಾಡ್ತಾ ಕೂತಿದಾರೆ, ಕೇಳು. ಫೋನಲ್ಲೇ ಹೇಳಬಹುದಿತ್ತು, ನೀನು ಗಟ್ಟಿಯಾಗಿ ಅತ್ತು ಮಗು ಎದ್ದುಬಿಟ್ರೆ ಅಕ್ಕ ನನಗೇ ಬೈತಾಳೆ. ನಾಳೆ ಬೆಳಿಗ್ಗೆ ಅಲ್ಲಿಗೆ ಬರೋ ಅಪ್ಪನ ಕೈಲಿ ಇದನ್ನ ಕಳಿಸ್ತೀನಿ. ಗೆದ್ವಿ ಕಣಮ್ಮಾ! ಪಂಚನಹಳ್ಳಿ ತೋಟದಲ್ಲಿ ಕರಿಸಿದ್ದಪ್ಪ ಮಾವನಷ್ಟೇ ಪಾಲು ಅವರಕ್ಕನಾದ ನಿನಗೂ ಉಂಟು ಅಂತ ಇವತ್ತು ಕೋರ್ಟಲ್ಲಿ ತೀರ್ಪಾಯ್ತು.

"ಕೇಸು ವಾಪಸ್ ತಗೊಳ್ಳೇ, ತವರಾದ್ರೂ ಉಳೀಲಿ" ಅಂತ ಬಸ್ ಹತ್ತೋವಾಗ ಅಂದ್ಯಲ್ಲ, ಅದೇ ಕಿವೀಲಿ ಕೂತ್ಬಿಟ್ಟಿತ್ತು. ಮಾವನ ಕಡೆಯ ಅಜ್ಜಂಪುರದ ವಕೀಲರು ಸುಪ್ರೀಂ ಕೋರ್ಟಿನ ತೀರ್ಪೊಂದನ್ನ ಕೊಟ್ಟಿದ್ರು. ಹೆಣ್ಣುಮಕ್ಕಳ ಪಾಲಿನ ಕಾನೂನು ಬದಲಾದ ಎರಡು ಸಾವಿರದ ಐದಕ್ಕೆ ಮುಂಚೆ ತಂದೆ ತೀರಿಕೊಂಡಿದ್ರೆ ಮಗಳಿಗೆ ಸಮಪಾಲಿಲ್ಲ ಅಂತ ಅದ್ರಲ್ಲಿತ್ತು. ತಾತ ಹೋಗಿದ್ದು ಅದಕ್ಕಿಂತ ಎಷ್ಟೋ ಮುಂಚೆ. ಮೇಲೆ (2016) 2 ಎಸ್‌ಸಿಸಿ 36 ಅಂತ ಬರೆದಿತ್ತು. ಅಪ್ಪ ಕನ್ನಡಕ ಏರಿಸಿ ನೋಡಿ, ಮೂವತ್ತಾರು ನಮ್ಮ ಸರ್ವೆ ನಂಬರೇ ಅಲ್ಲ, ಯಾರದ್ದೋ ಜಮೀನು ತೋರಿಸ್ತಿದಾರೆ ಅಂತ ಪಹಣಿ ತರೋಕೆ ನಾಡಕಚೇರಿಗೆ ಹೊರಟೇಬಿಟ್ರು. ನಕ್ಕೂ ನಕ್ಕೂ ಸಾಕಾಯ್ತು.

ನಕ್ಕಮೇಲೆ ನನಗೂ ಹೊಳೀತು. ಲಾ ಪಾಸಾದ್ರೂ ಅಂಥ ನಂಬರ್ ಕಂಡ್ರೆ ನನಗೆ ದಿಗಿಲೇ. ಈ ಸಲ ಪಹಣಿ ಥರಾನೇ ಓದಿದೆ. ವರ್ಷ ನಮ್ಮ ತಾಲ್ಲೂಕಿದ್ದಂಗೆ, ಎರಡನೇ ಸಂಪುಟ ಅನ್ನೋದು ಹೋಬಳಿ, ಎಸ್‌ಸಿಸಿ ಅನ್ನೋದು ಸುಪ್ರೀಂ ಕೋರ್ಟಿನ ತೀರ್ಪುಗಳನ್ನ ಅಚ್ಚುಹಾಕೋ ಪುಸ್ತಕದ ಹೆಸರು, ಕೊನೇ ಮೂವತ್ತಾರು ಪುಟ, ಅಂದ್ರೆ ಸರ್ವೆ ನಂಬರ್. ಹಳೇ ಪಹಣೀಲಿ ಯಾರದೋ ಹೆಸರಿದ್ರೆ ನಾವು ಸುಮ್ನಾಗ್ತೀವಾ? ಆಮೇಲೆ ಖಾತೆ ಬದಲಾಗಿದ್ಯಾ ಅಂತ ನೋಡ್ತೀವಿ ತಾನೇ. ನಮ್ಮ ಸೀನಿಯರ್ ವಿಭಾ ಮೇಡಂ ಆಫೀಸಿನ ಕಂಪ್ಯೂಟರಲ್ಲಿ ಆ ತೀರ್ಪಿಗೂ ಹಾಗೇ ಹುಡುಕಿದೆ. ಬದಲಾಗಿಹೋಗಿತ್ತು! (2020) 9 ಎಸ್‌ಸಿಸಿ 1. ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, ಎರಡು ಸಾವಿರದ ಐದರಲ್ಲಿ ತಂದೆ ಬದುಕಿರಲೇಬೇಕು ಅಂತೇನಿಲ್ಲ, ಹಳೇದು ನಡೆಯಲ್ಲ ಅಂತ ಅಲ್ಲೇ ಹೇಳಿದಾರೆ. ಹೋದ ತಿಂಗಳು ವಾದದ ದಿನ ಮೇಡಂ ನನ್ನನ್ನೇ ಎದ್ದು ನಿಲ್ಲಿಸಿದ್ರು. ಹೊಸ ತೀರ್ಪಿನ ನಂಬರ್ ಓದಿ ಹೇಳಿದೆ. ಆ ವಕೀಲರು ಪುಟ ತಿರುಗಿಸಿ ನೋಡಿ ಕೂತ್ಕೊಂಡ್ರು.

ಕೇಸು ವಾಪಸ್ ತಗೊಳ್ಳಲಿಲ್ಲ ಅಂತ ಬೈಯೋದಿದ್ರೆ ಊರಿಗೆ ಬಂದು ಬೈಯಿ. ಅಕ್ಕನಿಗೆ ನೆನಪು, ಪುಟ್ಟದಕ್ಕೆ ಎರಡೂ ಕೆನ್ನೆಗೆ ಮುತ್ತು, ನಿನ್ನ ಕಾಲಿಗೆ ನಮಸ್ಕಾರ.

ನಿನ್ನ ಲಾಯರು,
ಭೂಮಿಕಾ

ತಾ.ಕ.: ಈಗ್ತಾನೆ ಮಾವನ ಮಗಳು ಮಲ್ಲಿಕಾಂಬ ಫೋನ್ ಮಾಡಿದ್ಲು. ಬೈಸ್ಕೊಳ್ಳೋಕೆ ತಯಾರಾಗೇ ಎತ್ತಿದೆ. ಹಬ್ಬಕ್ಕೆ ಅತ್ತೆ ಬರದಿದ್ರೆ ನಾನೇ ಹೋಗಿ ಕರ್ಕೊಂಡ್ ಬತ್ತೀನಿ ಅಂದ್ಲು. ಆಮೇಲೆ ದನಿ ತಗ್ಗಿಸಿ, "ಆ ತೀರ್ಪಿನ ನಂಬರ್ ನನಗೂ ಕಳಿಸೇ, ನಾನೂ ಮಗಳೇ ಅಲ್ವಾ" ಅಂದ್ಲು. ಕಳಿಸಿದೀನಿ.