ಮೂರನೆಯವರಿಗೆ ಕಲಿಸಬಾರದ ಭಾಷೆ

ವಿಶಾಲಾ,

ನಮ್ಮ ಭಾಷೆಯನ್ನು ಮೂರನೆಯವರಿಗೆ ಕಲಿಸಬಾರದೆಂದು ನಗರದ ಕೋಟೆಯ ಮೇಲೆ ನಿಲ್ಲಿಸಿ ನನ್ನಿಂದ ಆಣೆ ಮಾಡಿಸಿದ್ದೆಯಲ್ಲ, ಇವತ್ತು ಅದನ್ನು ಮುರಿದೆ. ಕ್ಷಮೆ ಕೇಳುವುದಿಲ್ಲ. ಹಾಸ್ಟೆಲಿನಲ್ಲಿ ನಾವಿಬ್ಬರೂ ಕೂತು ಕಟ್ಟಿದ ಭಾಷೆಯನ್ನು, ಮದುವೆಯಾದ ಮೇಲೆ "ಅದೆಲ್ಲ ಹುಡುಗಾಟ, ನಾನಂತೂ ಮರ್ತೆ ಕಣೇ" ಎಂದವಳು ನೀನು. ಅಲ್ಲಿಂದೀಚೆಗೆ ನಮ್ಮಿಬ್ಬರ ನಡುವೆ ಮಾತಿಲ್ಲ.

ನೀನು ತೀರಿಕೊಂಡ ಮೇಲೆ, ಇವತ್ತು ಇದೇ ಮೊದಲ ಸಲ ನಿನ್ನ ಮಗಳು ಚೈತನ್ಯಾ ಹೊಸನಗರದಿಂದ ಸಾಗರಕ್ಕೆ, ನನ್ನ ಮನೆ ಹುಡುಕಿಕೊಂಡು ಬಂದಿದ್ದಳು.

"ಆಂಟಿ, ಅಮ್ಮ ಕೊನೆಕೊನೆಗೆ ಫೋನ್ ಕೈಲಿ ಹಿಡ್ಕೊಂಡು 'ಝೂಝೂಮು' ಅಂತಿದ್ರು. ಹಾಡಾ ಅಂದ್ರೆ ನೆಗಾಡ್ತಿದ್ರು. ಎಂಥದು ಅದು?"

ಹೇಳಿಬಿಟ್ಟೆ. ಝೂಮು ಎಂದರೆ ಕರೆಯುವುದು. ಯಾವ ಕ್ರಿಯಾಪದವಾದರೂ ಸರಿ, ಮೊದಲ ಅಕ್ಷರವನ್ನು ಎರಡು ಸಲ ಹೇಳಿದರೆ ಆ ಕೆಲಸ ಮತ್ತೆ ಮತ್ತೆ ನಡೆಯುತ್ತದೆ. ಮರೆತವಳ ಬಾಯಲ್ಲಿ ನಿಯಮ ಒಂದಿಷ್ಟೂ ತಪ್ಪಿರಲಿಲ್ಲ.

"ಯಾರನ್ನ ಕರೀತಿದ್ರು?"

ನಾನು ಕಾಫಿಗೆ ಹಾಲಿಡಲು ಒಳಗೆ ಹೋದೆ.

ಆಮೇಲೆ ಸಂಜೆಯವರೆಗೆ ಅವಳನ್ನು ಕೂರಿಸಿಕೊಂಡು ನೆನಪಿದ್ದ ಪದಗಳನ್ನೆಲ್ಲ ಕಲಿಸಿದೆ. ಲಾಸು ಎಂದರೆ ಬರುವುದು ಎಂದೂ ಹೇಳಿದ್ದೆ, ಅಷ್ಟೆ. ಊರಿಗೆ ಹೊರಟವಳು ಬಸ್ಸು ಹತ್ತಿ, ಕಿಟಕಿಯಿಂದ ತಲೆ ಹೊರಹಾಕಿ, ಇಡೀ ಬಸ್ ಸ್ಟ್ಯಾಂಡು ತಿರುಗಿ ನೋಡುವಷ್ಟು ಗಟ್ಟಿಯಾಗಿ ಕೂಗಿದಳು: "ಆಂಟಿ, ಲಾಲಾಸು."

ಈ ವಯಸ್ಸಿನಲ್ಲಿ, ಅಷ್ಟು ಜನರ ನಡುವೆ, ನಾನೂ ಅದನ್ನೇ ಕೂಗಿದೆ. ನಮ್ಮ ಭಾಷೆ ಆಡುವವರು ಮತ್ತೆ ಇಬ್ಬರಾಗಿದ್ದೇವೆ. ನಿನಗೆ ಒಪ್ಪಿಗೆಯಿಲ್ಲದಿದ್ದರೆ ಬಂದು ಜಗಳಾಡು.