ಅಂಕಿ ಬಲಕ್ಕೆ, ಅಕ್ಷರ ಎಡಕ್ಕೆ

ಮನೆಯ ಊಟದ ಮೇಜಿನಿಂದ,
ಮಂಗಳವಾರ, ಮಾರ್ಚ್ ೧೮

ಪ್ರೀತಿಯ ಚಿಕ್ಕಪ್ಪನಿಗೆ,

ನಿಮ್ಮ ಗುಬ್ಬಿಯ ನಮಸ್ಕಾರಗಳು. ಹೇಗಿದ್ದೀರಿ? ಚಿಕ್ಕಮ್ಮನ ಮಂಡಿನೋವು ಕಡಿಮೆಯಾಯಿತೇ? ಬೆಳಗಿನ ಹೊತ್ತು ನಿಮಗೆ ಬರುತ್ತಿದ್ದ ಆ ಕೆಮ್ಮು ಇನ್ನೂ ಇದೆಯೇ, ಅಥವಾ ಪ್ರೆಸ್ಸಿನ ಶಾಯಿ ವಾಸನೆ ತಪ್ಪಿದ ಮೇಲೆ ಅದೂ ತಪ್ಪಿತೇ? ಹನ್ನೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಈಗ ಒಂದೇ ಉಸಿರಿಗೆ ಇಷ್ಟೆಲ್ಲ ಕೇಳುತ್ತಿದ್ದಾಳಲ್ಲ ಎಂದು ನಿಮಗೆ ನಗು ಬರಬಹುದು. ನಗಿ, ಪರವಾಗಿಲ್ಲ. ಚಿಕ್ಕಮ್ಮ ಆಗೊಮ್ಮೆ ಈಗೊಮ್ಮೆ ಅಮ್ಮನಿಗೆ ಫೋನ್ ಮಾಡುತ್ತಾರೆಂಬುದು ನನಗೆ ಗೊತ್ತು. ನಾನೂ ಎರಡು ಸಲ ನಿಮ್ಮ ನಂಬರು ಒತ್ತಿ ನಿಲ್ಲಿಸಿಬಿಟ್ಟೆ. ನಿಮ್ಮ ದನಿ ಕೇಳಿದರೆ ಹೇಳಬೇಕಾದದ್ದು ಬಿಟ್ಟು ಬೇರೆಲ್ಲ ಮಾತಾಡಿಬಿಡುತ್ತೇನೆ. ಕಾಗದಕ್ಕೆ ಆ ತೊಂದರೆಯಿಲ್ಲ.

ಅಮ್ಮ ಆರಾಮವಾಗಿದ್ದಾಳೆ. ಅಪ್ಪನಿಗೆ ಎಪ್ಪತ್ತನಾಲ್ಕಾಯಿತು. ನಡಿಗೆ ನಿಧಾನ, ಕೋಪ ಮಾತ್ರ ಹಾಗೆಯೇ ಇದೆ. ಪ್ರೆಸ್ಸು ಮುಚ್ಚಿ ಒಂಬತ್ತು ವರ್ಷವಾದರೂ ಬೆಳಗ್ಗೆ ಎಂಟೂವರೆಗೆ ಶರ್ಟು ಹಾಕಿಕೊಂಡು ತಯಾರಾಗುತ್ತಾರೆ. ಎಲ್ಲಿಗೂ ಹೋಗುವುದಿಲ್ಲ. ಪೇಪರು ಹಿಡಿದು ಕೂತು ಅದರಲ್ಲಿನ ಅಚ್ಚಿನ ತಪ್ಪುಗಳಿಗೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕುತ್ತಾರೆ. ಸುತ್ತು ಹಾಕಿದ ಆ ಪೇಪರುಗಳನ್ನು ಅಮ್ಮ ರದ್ದಿಗೆ ಹಾಕುವಾಗ ಒಂದು ನಿಟ್ಟುಸಿರು ಬಿಡುತ್ತಾಳೆ. ಮನೆಯಲ್ಲಿ ನಾನು ಕಂಪ್ಯೂಟರ್ ತೆರೆದರೆ ಸಾಕು, ಅಪ್ಪ ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಳ್ಳುತ್ತಾರೆ. ಏಕೆಂದು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? "ಅದು ಒಳಗೆ ಬಂದ್ರೆ ನಾನು ಹೊರಗೆ" ಎಂದು ಅವರು ಕೂಗಾಡಿದ ದಿನ ಕಂಪ್ಯೂಟರಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಪ್ರೆಸ್ಸಿನ ಬಾಗಿಲಲ್ಲಿ ನಿಂತಿದ್ದವರು ನೀವೇ ತಾನೆ.

ನನ್ನ ಕೆಲಸದ ಬಗ್ಗೆ ಚಿಕ್ಕಮ್ಮ ಹೇಳಿರಬಹುದು. ಮಕ್ಕಳಿಗೆ ಲಸಿಕೆ ಹಾಕುವ ಆರೋಗ್ಯ ಕೇಂದ್ರದಲ್ಲಿ ದಾಖಲೆ ನೋಡಿಕೊಳ್ಳುತ್ತೇನೆ. ಯಾವ ಮಗುವಿಗೆ ಮುಂದಿನ ಚುಚ್ಚುಮದ್ದು ಯಾವ ತಾರೀಕಿಗೆ ಎಂಬ ಉದ್ದನೆಯ ಪಟ್ಟಿ ನನ್ನ ಕೈಯಲ್ಲಿರುತ್ತದೆ. ಏಪ್ರಿಲ್, ಮೇ, ಜೂನ್ ಮೂರು ತಿಂಗಳಿಗೆ ಒಟ್ಟು ಆರುನೂರ ನಲವತ್ತು ಮಕ್ಕಳು. ಅಷ್ಟುದ್ದದ ಪಟ್ಟಿಯನ್ನು ತಿಂಗಳುವಾರು ಎಣಿಸಿ ನಾಲ್ಕು ಸಾಲಿನ ಕೋಷ್ಟಕ ಮಾಡಿಕೊಡುವ ಸೌಲಭ್ಯ ಕಂಪ್ಯೂಟರಿನಲ್ಲಿದೆ, ಪಿವಟ್ ಟೇಬಲ್ ಅನ್ನುತ್ತೇವೆ. ಪ್ರತಿ ಸಲ ಕೈಯಿಂದ ಮಾಡುವ ಗೋಜು ಬೇಡವೆಂದು ಅದಕ್ಕೊಂದು ಸ್ಕ್ರಿಪ್ಟ್ ಬರೆದೆ. ಮೊದಲು ಇದು ಮಾಡು, ಆಮೇಲೆ ಅದು ಮಾಡು ಎಂದು ಯಂತ್ರಕ್ಕೆ ಬರೆದಿಟ್ಟ ಚೀಟಿ ಅಂದುಕೊಳ್ಳಿ. ಬರೆದ ದಿನ ಬೀಗಿದ್ದೂ ಬೀಗಿದ್ದೇ. ಓಡಿಸಿ ನೋಡಿದರೆ ಕೋಷ್ಟಕದಲ್ಲಿ ಜನವರಿಯಿಂದ ಡಿಸೆಂಬರ್‌ವರೆಗೆ ಹನ್ನೆರಡೂ ತಿಂಗಳು ಹಾಜರು! ಅಷ್ಟು ಸಾಲದೆಂದು ಮುನ್ನೂರ ತೊಂಬತ್ತು ಮಕ್ಕಳು ಯಾವ ತಿಂಗಳಿಗೂ ಸೇರದೆ ಕೆಳಗೆ ಗುಂಪಾಗಿ ಬಿದ್ದಿದ್ದರು. ಅವರನ್ನೂ ತಿಂಗಳುವಾರು ಜೋಡಿಸು ಎಂದರೆ ಆಗುವುದಿಲ್ಲ ಎಂದು ಒಂದೇ ಸಾಲಿನ ಉತ್ತರ. ನಮ್ಮ ಡಾಕ್ಟರಮ್ಮ ಮೆತ್ತಗೆ ಮಾತಾಡುವವರು, ಅದಕ್ಕೇ ಅವರೆಂದರೆ ಭಯ. "ಸೋಮವಾರ ಬೆಳಗ್ಗೆ ಲೆಕ್ಕ ಕೊಡಮ್ಮ, ಲಸಿಕೆ ತರಿಸೋದು ಅದನ್ನ ನೋಡಿಯೇ. ಮನೆಮನೆಗೆ ಕಾರ್ಡೂ ಅದರ ಪ್ರಕಾರವೇ ಹೋಗುತ್ತೆ" ಎಂದಿದ್ದರು. ತಾರೀಕು ತಪ್ಪಿದರೆ ಒಂದು ಕೂಸು ಮೂರು ತಿಂಗಳು ಲಸಿಕೆಯಿಲ್ಲದೆ ಇರಬೇಕಾಗುತ್ತದೆ. ಶನಿವಾರವೆಲ್ಲ ತಲೆ ಚಚ್ಚಿಕೊಂಡೆ. ತಾರೀಕಿನ ರೂಪ ಬದಲಿಸುವ ಗುಂಡಿ ಒತ್ತಿ ಒತ್ತಿ ಬೆರಳು ನೊಂದಿತು, ಆ ಮುನ್ನೂರ ತೊಂಬತ್ತು ಜಪ್ಪಯ್ಯ ಅನ್ನಲಿಲ್ಲ.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಇದೇ ಮೇಜಿನ ಮೇಲೆ ಮತ್ತೆ ಪಟ್ಟಿ ಬಿಡಿಸಿಕೊಂಡು ಕೂತಿದ್ದೆ. ಸಾಕಾಗಿ, ಮೇಜಿನ ಮೇಲೆ ತಲೆ ಇಟ್ಟಿದ್ದೆ. ಅಪ್ಪ ನೀರು ಕುಡಿಯಲು ಎದ್ದವರು ನನ್ನ ಬೆನ್ನ ಹಿಂದೆ ನಿಂತರು. ಯಾವತ್ತೂ ಹೀಗೆ ನಿಂತವರಲ್ಲ. ಲೋಟ ಹಿಡಿದುಕೊಂಡೇ ತುಂಬ ಹೊತ್ತು ನೋಡಿ, "ಇದನ್ನ ಜೋಡಿಸಿದವರು ಯಾರು? ಅರ್ಧ ಸಾಲು ಎಡಕ್ಕೆ ನಿಂತಿದೆ, ಅರ್ಧ ಬಲಕ್ಕೆ" ಎಂದರು. ನಾನು ತಲೆ ಎತ್ತಿ ನೋಡಿದೆ. ಹೌದು, ತಾರೀಕಿನ ಕಾಲಮ್ಮಿನಲ್ಲಿ ಕೆಲವು ಎಡಗೋಡೆಗೆ ಒರಗಿದ್ದವು, ಕೆಲವು ಬಲಗೋಡೆಗೆ. ವಾರವಿಡೀ ಅದೇ ಪಟ್ಟಿ ನೋಡುತ್ತಿದ್ದ ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಅಪ್ಪ ಪಕ್ಕದ ಕುರ್ಚಿ ಎಳೆದುಕೊಂಡರು. "ಅಂಕಿ ಬಲಕ್ಕೆ, ಅಕ್ಷರ ಎಡಕ್ಕೆ. ಯಾವ ಪ್ರೆಸ್ಸಲ್ಲಾದ್ರೂ ಅಷ್ಟೇ. ಎಡಕ್ಕೆ ನಿಂತಿರೋದನ್ನ ನಿನ್ನ ಯಂತ್ರ ಅಂಕಿ ಅಂದ್ಕೊಂಡಿಲ್ಲ ಕಣೇ, ಅಕ್ಷರ ಅಂದ್ಕೊಂಡಿದೆ."

ಚಿಕ್ಕಪ್ಪಾ, ಆ ಮಾತು ಕೇಳಿದ ಕೂಡಲೇ ಊಟದ ಮೇಜು ಮಾಯವಾಗಿ ನಾನು ಪ್ರೆಸ್ಸಿನಲ್ಲಿದ್ದೆ. ಶಾಲೆ ಬಿಟ್ಟ ಮೇಲೆ ಚೀಲ ಬಿಸಾಕಿ ಕಾಗದದ ರೀಮುಗಳ ಮೇಲೆ ಹತ್ತಿ ಕೂರುತ್ತಿದ್ದೆನಲ್ಲ, ಆ ಜಾಗ. ಎದುರಿಗೆ ಸೀಸದ ಅಚ್ಚುಮೊಳೆಗಳನ್ನು ಖಾನೆಖಾನೆಯಾಗಿ ತುಂಬಿಟ್ಟ ಕೇಸು, ಅದರ ಮುಂದೆ ಅಪ್ಪ. ನೋಡದೆಯೇ ಕೈ ಹಾಕಿ ಬೇಕಾದ ಮೊಳೆ ಎತ್ತುವ ಅವರ ಬೆರಳುಗಳು. ಮೂಲೆಯಲ್ಲಿ ಕಾಲಿನಿಂದ ಮೆಷಿನ್ ತುಳಿಯುತ್ತ, ಶಿಳ್ಳೆ ಹಾಕುತ್ತ ನೀವು. ವರ್ಷದ ಕೊನೆ ಬಂತೆಂದರೆ ಕ್ಯಾಲೆಂಡರಿನ ಕೆಲಸ. ನೀವು ಅಂಕಿ ಓದುತ್ತ ಹೋಗುತ್ತಿದ್ದಿರಿ, ಅಪ್ಪ ಕೂರಿಸುತ್ತ ಹೋಗುತ್ತಿದ್ದರು, ಒಂಬತ್ತರ ಕೆಳಗೆ ಹದಿನಾರರ ಆರು ಸರಿಯಾಗಿ ಬಂತೇ ಎಂದು ನೋಡುವುದು ನನ್ನ ಕೆಲಸ. ಕನ್ನಡಿಯಲ್ಲಿ ಕಂಡಂತೆ ತಿರುಗಿದ ಅಂಕಿಗಳನ್ನು ಓದಲು ನಾನು ಕಲಿತದ್ದು, ನೆಟ್ಟಗಿನ ಅಂಕಿ ಕಲಿಯುವ ಮೊದಲೇ. ಅಂಕಿಗಳನ್ನೆಲ್ಲ ತಿರುಗಿಸಿ ಬರೆಯುತ್ತಾಳೆಂದು ಟೀಚರಮ್ಮ ಅಪ್ಪನನ್ನು ಶಾಲೆಗೆ ಕರೆಸಿ ದೂರು ಹೇಳಿದ್ದು ನೆನಪಿದೆಯೇ?

ಎಡಕ್ಕೆ ನಿಂತವುಗಳನ್ನೆಲ್ಲ ತಾರೀಕುಗಳಾಗಿ ಬದಲಿಸಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಎಲ್ಲವೂ ಬಲಕ್ಕೆ ಬಂದು ನಿಂತವು. ಹನ್ನೆರಡು ತಿಂಗಳ ಗೊಂದಲವೂ ಇದರಿಂದಲೇ ಇರಬೇಕೆಂದುಕೊಂಡು, ಕೋಷ್ಟಕ ಓಡಿಸಿ ನೋಡುವ ಮೊದಲೇ ನಾನು ಎದ್ದು ಟೀ ಇಡಲು ಹೊರಟರೆ ಅಪ್ಪ ಜಾಗ ಬಿಟ್ಟು ಕದಲಲಿಲ್ಲ. ಕನ್ನಡಕ ಹಣೆಗೇರಿಸಿ, ಕಣ್ಣನ್ನು ಪರದೆಗೆ ಹತ್ತಿರ ತಂದು, "ಮೊದಲಿಂದ ಬಲಕ್ಕಿದ್ವಲ್ಲ, ಅವನ್ನ ಬೇರೆ ಮಾಡಿ ತೋರಿಸು" ಎಂದರು. ಅವು ಸರಿಯಾಗಿಯೇ ಇವೆಯಪ್ಪಾ ಎಂದೆ. "ತೋರಿಸು ಅಂದೆ." ತೋರಿಸಿದೆ. ಇನ್ನೂರ ಐವತ್ತು ಸಾಲುಗಳನ್ನು ಬೆರಳಿಟ್ಟು ಓದುತ್ತ ಅರ್ಧಕ್ಕೆ ಬಂದು ನಿಂತರು. "ಈ ಮಕ್ಕಳೆಲ್ಲ ನಾಲ್ಕು, ಐದು, ಆರನೇ ತಾರೀಕನ್ನೇ ಹುಡುಕ್ಕೊಂಡು ಬರ್ತಾವಾ? ಏಳನೇ ತಾರೀಕು ನಿಮ್ಮಲ್ಲಿ ರಜಾನಾ?"

ನಾನು ಪರದೆಯ ಮೇಲೆ ಬಗ್ಗಿದೆ. ತಿಂಗಳು ನಾಲ್ಕು, ಐದು, ಆರು ಇರಬೇಕಾದಲ್ಲಿ ದಿನ ನಾಲ್ಕು, ಐದು, ಆರು ಇತ್ತು! ನಾವು ದಿನವನ್ನು ಮೊದಲು ಬರೆಯುತ್ತೇವೆ, ನನ್ನ ಸ್ಕ್ರಿಪ್ಟು ಮೊದಲಿನ ಅಂಕಿಯನ್ನು ತಿಂಗಳೆಂದು ಓದಿಕೊಂಡಿತ್ತು. ಏಪ್ರಿಲ್ ಏಳಕ್ಕೆ ಬರಬೇಕಾದ ಮಗು ಜುಲೈ ನಾಲ್ಕಕ್ಕೆ ಹೋಗಿ ಕೂತಿತ್ತು. ಹದಿಮೂರನೆಯ ತಿಂಗಳು ಇಲ್ಲವಲ್ಲ, ಹಾಗಾಗಿ ದಿನ ಹನ್ನೆರಡು ದಾಟಿದ್ದನ್ನೆಲ್ಲ ಅರ್ಥವಾಗದೆ ಅಕ್ಷರವೆಂದು ಪಕ್ಕಕ್ಕಿಟ್ಟಿತ್ತು. ಅಂದರೆ ವಕ್ರವಾಗಿ ಕಾಣುತ್ತಿದ್ದವು ನೆಟ್ಟಗಿದ್ದವು, ನೆಟ್ಟಗೆ ಕಾಣುತ್ತಿದ್ದವೇ ಕೆಟ್ಟಿದ್ದವು. ಅಪ್ಪ ಎದ್ದು ಹೋಗಿದ್ದರೆ ಸೋಮವಾರ ಡಾಕ್ಟರಮ್ಮನ ಮುಂದೆ ನಾನು ಮತ್ತೆ ಆ ಹನ್ನೆರಡು ತಿಂಗಳ ಕೋಷ್ಟಕವನ್ನೇ ಹಿಡಿದು ನಿಲ್ಲುತ್ತಿದ್ದೆ. ಇದನ್ನು ಹೇಳಿದಾಗ ಅಪ್ಪ ಏನು ಮಾಡಿದರು ಗೊತ್ತೇ? ನಕ್ಕರು. ಕುರ್ಚಿ ಅಲುಗಾಡುವ ಹಾಗೆ ನಕ್ಕು, "ಥೇಟ್ ನಿನ್ನ ಚಿಕ್ಕಪ್ಪನ ಕೆಲಸ! ಜೂನ್ ಮೂವತ್ತೊಂದು!" ಎಂದರು. ನೀವು ಜೂನ್ ತಿಂಗಳಿಗೆ ಮೂವತ್ತೊಂದು ದಿನ ಓದಿ, ಎರಡು ಸಾವಿರ ಕ್ಯಾಲೆಂಡರ್ ಅಚ್ಚಾದ ಮೇಲೆ ಗೊತ್ತಾಗಿ, ನಾವು ಮೂವರೂ ನೆಲದ ಮೇಲೆ ಕೂತು ಬಿಳಿ ಕಾಗದದ ಚೂರು ಅಂಟಿಸಿದ ಕಥೆಯನ್ನು ಅಮ್ಮನಿಗೆ ಮೊದಲ ಸಲ ಹೇಳುವವರಂತೆ ಹೇಳಿದರು. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತುಬಿಟ್ಟಿದ್ದಳು. ಹನ್ನೊಂದು ವರ್ಷ "ಅವನು" ಆಗಿದ್ದವರು ಅವತ್ತು "ನಿನ್ನ ಚಿಕ್ಕಪ್ಪ" ಆಗಿದ್ದಿರಿ.

ಆಮೇಲೆ ಮೂಲ ಪಟ್ಟಿಯನ್ನೇ ಹೊಸದಾಗಿ ತೆರೆದೆ. ಪ್ರತಿ ತಾರೀಕನ್ನೂ ಮೂರು ತುಂಡು ಮಾಡಿ, ಇದು ದಿನ, ಇದು ತಿಂಗಳು, ಇದು ವರ್ಷ ಎಂದು ಯಂತ್ರಕ್ಕೆ ಬಿಡಿಸಿ ಹೇಳುವ ಹಾಗೆ ಸ್ಕ್ರಿಪ್ಟು ತಿದ್ದಿದೆ. ಓಡಿಸಿದರೆ ಕೋಷ್ಟಕ ಹಳೆಯದೇ! ನೋಡಿದರೆ, ಹೊಸ ಪಟ್ಟಿಯನ್ನು ಮತ್ತೊಮ್ಮೆ ಎಣಿಸು ಎಂದು ಹೇಳುವುದನ್ನೇ ಮರೆತಿದ್ದೆ. ಹೇಳಿದ ಮೇಲೆ ನಾಲ್ಕೇ ಸಾಲು ಬಂದವು. ಏಪ್ರಿಲ್, ಮೇ, ಜೂನ್, ಒಟ್ಟು ಆರುನೂರ ನಲವತ್ತು. ಅಪ್ಪ ಮೇಜು ತಟ್ಟಿ, "ಈಗ ಪುಟ ಕೂತಿತು" ಎಂದರು. ಕುರ್ಚಿ ಹಿಂದಕ್ಕೆ ಸರಿಸುತ್ತ, ಯಾರಿಗೂ ಅಲ್ಲವೆಂಬಂತೆ, "ಯಂತ್ರ ಬಂದ್ರೂ ನಿನ್ನ ಕಣ್ಣು ಬೇಕೇ ಬೇಕು ಅಣ್ಣಾ ಅಂತ ಅವತ್ತೇ ಹೇಳಿದ್ದ. ನಾನು ಕೇಳಿಸ್ಕೊಳ್ಳಲಿಲ್ಲ" ಎಂದು ಎದ್ದು ಹೋದರು. ಸೋಮವಾರ ಲೆಕ್ಕ ಕೊಟ್ಟೆ. ಡಾಕ್ಟರಮ್ಮ ಪೂರ್ತಿ ಓದಿ ಸಹಿ ಹಾಕಿದರು, ಕಾರ್ಡುಗಳು ಹೊರಟಿವೆ.

ನನ್ನದೂ ಒಂದು ತಪ್ಪಿದೆ, ಚಿಕ್ಕಪ್ಪ. ಆ ಜಗಳದ ನಂತರ ನೀವು ಸಾಮಾನು ತುಂಬಿಸಿ ಮನೆ ಬಿಟ್ಟು ಹೊರಟ ದಿನ ಗೇಟಿನ ಹತ್ತಿರ ನಿಂತು "ಗುಬ್ಬೀ" ಎಂದು ಎರಡು ಸಲ ಕೂಗಿದಿರಿ. ಅಮ್ಮ ಗೆಳತಿಯ ಮನೆಗೆ ಹೋಗಿದ್ದಾಳೆ ಎಂದಳು. ನಾನು ಮಲಗುವ ಕೋಣೆಯ ಬಾಗಿಲ ಹಿಂದೆಯೇ ಇದ್ದೆ. ಹದಿನೇಳು ವರ್ಷ ನನಗೆ, ಅಪ್ಪನ ಮುಖ ನೋಡಿ ಹೊರಗೆ ಬರಲು ಕಾಲೇ ಬರಲಿಲ್ಲ. ವ್ಯಾನು ಹೊರಟ ಸದ್ದು ಕೇಳಿದ ಮೇಲೆ ಓಡಿ ಬಂದೆ, ನೀವು ಆಗಲೇ ತಿರುವು ದಾಟಿದ್ದಿರಿ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಕ್ಷಮಿಸಿಬಿಡಿ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ, ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ನಿಲ್ಲಿಸಬಾರದೆಂದು ಅಮ್ಮ ಬರೆಯಲು ಹೇಳಿದ್ದಾಳೆ. ನೀವೂ ಆರೋಗ್ಯ ನೋಡಿಕೊಳ್ಳಿ.

ಇಂತಿ ನಿಮ್ಮ,
ಗುಬ್ಬಿ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಬಂದು ನಿಮ್ಮ ಫೋನ್ ನಂಬರು ಕೇಳಿದರು. ಲಕೋಟೆಯನ್ನು ಪುಸ್ತಕದಡಿ ಸರಿಸಿಬಿಟ್ಟೆ, ಕಾಗದ ಬರೆದಿರುವುದು ಅವರಿಗೆ ಗೊತ್ತಿಲ್ಲ. ಮಾರ್ಚ್ ಮೂವತ್ತರ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ನಿಮಗೆ ಫೋನ್ ಮಾಡುತ್ತಾರಂತೆ. ಆಡಬೇಕಾದ ಮಾತನ್ನು ಈಗಿನಿಂದಲೇ ಹಿತ್ತಲಲ್ಲಿ ಒಬ್ಬರೇ ಆಡಿ ನೋಡುತ್ತಿದ್ದಾರೆ, ಅಮ್ಮ ಕೇಳಿಸಿಕೊಂಡಳು. ಎರಡು ರಿಂಗಿಗೆ ಎತ್ತದಿದ್ದರೆ ಇಟ್ಟುಬಿಡುತ್ತಾರೆ, ಮತ್ತೆ ಮಾಡುವವರಲ್ಲ. ಚಿಕ್ಕಪ್ಪಾ, ಫೋನಿನ ಪಕ್ಕದಲ್ಲೇ ಕೂತಿರಿ. ಎತ್ತಿದ ಕೂಡಲೇ ಅವರು ಮಾತಾಡುವ ಮೊದಲೇ "ಅಣ್ಣಾ" ಅನ್ನಿ.